ಬಾಯಿಯೋ, ಶಾಲೆಯೋ

ನಮ್ಮ ಮನೆಗೆ ಬಂದವರು ಮೊದಲು ಅಕ್ಕನನ್ನು ನೋಡುತ್ತಿದ್ದರು, ಆಮೇಲೆ ನನ್ನ ಕಡೆ ತಿರುಗಿ ಕೇಳುತ್ತಿದ್ದರು.

"ಇವ್ಳಿಗೆ ಹೇಳಿದ್ ಗೊತ್ತಾತ್ತಾ?"

ಅಕ್ಕ ಎದುರಿಗೇ ಕೂತಿರುತ್ತಿದ್ದಳು. ಕೇಳಿದವರ ಮುಖವನ್ನೇ ನೋಡುತ್ತಿದ್ದಳು. ಆ ಪ್ರಶ್ನೆ ಕೇಳಿದ ಒಬ್ಬೊಬ್ಬರ ಮುಖವೂ ನನಗೆ ಇವತ್ತಿಗೂ ನೆನಪಿದೆ, ಒಬ್ಬರನ್ನೂ ನಾನು ಕ್ಷಮಿಸಿಲ್ಲ. ಹೆಮ್ಮಾಡಿ ದಾಟಿ ಬೈಂದೂರಿನ ಕಡೆ ಹೊರಟರೆ ಹೆದ್ದಾರಿಯಿಂದ ಪಡುವಲಿಗೆ, ಕಡಲ ಕಡೆ ಇಳಿಯುವ ಹೊಯಿಗೆ ಮರಳಿನ ದಾರಿಯ ಕೊನೆಯಲ್ಲಿ ನಮ್ಮ ಮನೆ. ಹಂಚಿನ ಮಾಡು, ಎದುರು ಜಗಲಿ, ಒಳಗೆ ಕತ್ತಲೆಯ ಚಾವಡಿ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಚಾವಡಿಗೆ ಇದ್ದದ್ದು ಒಂದೇ ಕಿಟಕಿ. ಅದರ ಬುಡದಲ್ಲಿ ಅಕ್ಕನ ಕುರ್ಚಿ. ಒಡೆದ ದೋಣಿಯ ಹಲಗೆ ಕೊಯ್ದು ಅಪ್ಪಯ್ಯ ಮಾಡಿದ್ದರು. ಕುತ್ತಿಗೆ ಒಂದು ಬದಿಗೆ ವಾಲದ ಹಾಗೆ ಎರಡೂ ಕಡೆ ಹಲಗೆ ಏರಿಸಿ, ಒಳಗೆ ಹಳೆ ಸೀರೆಯ ಮೆತ್ತೆ ಹಾಸಿದ್ದರು. ಅಕ್ಕ ಹುಟ್ಟುವಾಗ ಹೆರಿಗೆ ತಡವಾಗಿ ಉಸಿರು ಕಟ್ಟಿತ್ತಂತೆ. ಕೈಕಾಲು ಸೆಡೆದುಕೊಂಡೇ ಇರುತ್ತಿದ್ದವು. ಹಿಡಿಯಬೇಕೆಂದ ವಸ್ತುವನ್ನು ಕೈ ಹಿಡಿಯುತ್ತಿರಲಿಲ್ಲ, ಬೇಡವೆಂದಾಗ ಬಿಡುತ್ತಲೂ ಇರಲಿಲ್ಲ. ಬಾಯಿಯಿಂದ ಹೊರಡುತ್ತಿದ್ದದ್ದು "ಆ" ಮತ್ತು "ಮ್ಮಾ". ನಕ್ಕರೆ ಮಾತ್ರ ಇಡೀ ಮನೆಗೆ ಕೇಳುವ ಹಾಗೆ ನಗುತ್ತಿದ್ದಳು. ಹೆಸರು ಜಲಜ. ನನಗಿಂತ ಮೂರು ವರ್ಷ ದೊಡ್ಡವಳು.

ನಾನು ಅವಳ ಬಾಯಿ ಎಂದು ಮನೆಯವರು ಹೇಳುತ್ತಿದ್ದರು. ನನಗೆ ಆ ಮಾತು ಇಷ್ಟವಿರಲಿಲ್ಲ. ಅಕ್ಕನಿಗೆ ಅವಳದ್ದೇ ರೀತಿ ಇತ್ತು. ಹೌದು ಅನ್ನಬೇಕಿದ್ದರೆ ಕಣ್ಣು ಮಾಡಿಗೆ ಎತ್ತುತ್ತಿದ್ದಳು. ಅಲ್ಲ ಅನ್ನಬೇಕಿದ್ದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅಮ್ಮ ಗಂಜಿಗೆ ಬಂಗಡೆಯ ಮುಳ್ಳು ತೆಗೆದು ಕಿವುಚಿ ಕಲಸಿ ಉಣಿಸುವಾಗ ಬಿಸಿಯಿದ್ದರೆ ಗೋಡೆ ನೋಡುತ್ತಿದ್ದಳು, ಆರಿದ ಮೇಲೆ ಅಮ್ಮನನ್ನು ನೋಡುತ್ತಿದ್ದಳು. ಅಪ್ಪಯ್ಯ ಹೋಗುವ ಬೋಟು ಬಂದರಿಗೆ ಮುಟ್ಟಿದ ಸುದ್ದಿಯನ್ನು ದಾರಿಯಲ್ಲಿ ಯಾರೋ ಕೂಗಿ ಹೇಳಿದರೆ, ಅಡುಗೆಮನೆಯಲ್ಲಿದ್ದ ನಮಗೆ ಕೇಳುವ ಮೊದಲೇ ಅಕ್ಕ ಕಾಲು ಬಡಿದು ನಗುತ್ತಿದ್ದಳು. ಇಷ್ಟು ಗೊತ್ತಾಗುವವಳ ಎದುರಿಗೆ ನಿಂತು ಗೊತ್ತಾಗುತ್ತದಾ ಅಂತ ಕೇಳಿದರೆ ಸಿಟ್ಟು ಬರದೆ ಇರುತ್ತದೆಯೇ? ನನಗೆ ಆರು ವರ್ಷಕ್ಕೇ ಬಂದಿತ್ತು.

ಅಪ್ಪಯ್ಯನ ತಾಯಿ, ನಮ್ಮ ಅಜ್ಜಿ, ಅಕ್ಕನ ನಾಲಿಗೆಯದ್ದೇ ತಪ್ಪು ಎಂದು ನಂಬಿದ್ದರು. ನಾಲಿಗೆ ದಪ್ಪ, ಅದಕ್ಕೇ ಹೊರಳುವುದಿಲ್ಲ. ಕೆಲವು ಬೆಳಿಗ್ಗೆ ಚಾವಡಿಯಲ್ಲಿ ಅದರದ್ದೇ ಚಿಕಿತ್ಸೆ. ಅಜ್ಜಿ ಬಜೆಯ ಬೇರನ್ನು ಕಲ್ಲಿನ ಮೇಲೆ ಜೇನಿನಲ್ಲಿ ತೇಯ್ದು, ಅಕ್ಕನ ದವಡೆ ಒತ್ತಿ ಬಾಯಿ ಬಿಡಿಸಿ, ಬೆರಳು ಹಾಕಿ ನಾಲಿಗೆಗೆ ತಿಕ್ಕುತ್ತಿದ್ದರು. ಅಕ್ಕ ಓಕರಿಸುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಮುಖ ಗೋಡೆಯ ಕಡೆ ತಿರುಗಿಸಲು ನೋಡುತ್ತಿದ್ದಳು. ಅಂದರೆ ಬೇಡ ಅನ್ನುತ್ತಿದ್ದಳು, ಸ್ಪಷ್ಟವಾಗಿಯೇ ಅನ್ನುತ್ತಿದ್ದಳು. ಅದೇ ದವಡೆಯನ್ನು ಅಜ್ಜಿ ಹಿಡಿದು ಈಚೆ ತಿರುಗಿಸುತ್ತಿದ್ದರು.

"ಸಾಕ್ ಅತ್ತೆ, ಅವ್ಳಿಗೆ ಉಸ್ರ್ ಕಟ್ತಾ ಇತ್ತ್."

"ನೀ ಸುಮ್ನಿರ್. ಬಜೆ ತಿಕ್ಕಿರೆ ನಾಲ್ಗಿ ಬಿಡತ್ತ್. ನಂಗ್ ಗೊತ್ತಿಲ್ಯಾ?"

ಕೊಲ್ಲೂರಿಗೂ ಹೋದೆವು. ಅಲ್ಲಿಯ ತಾಯಿ ಮಾತು ಕೊಡುತ್ತಾಳೆ ಎಂದು ನಮ್ಮ ಕಡೆ ನಂಬಿಕೆ. ಅಮ್ಮ ಅಕ್ಕನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸರದಿಯಲ್ಲಿ ನಿಂತಿದ್ದಳು. ಮುಂದಿದ್ದವರೊಬ್ಬರು ತಿರುಗಿ ನೋಡಿ "ಮೂಗಿಯಾ?" ಅಂದರು. ದೇವರ ಮೇಲೆ ನನಗೆ ದೂರಿಲ್ಲ. ಅಮ್ಮನಿಗೆ ಅಲ್ಲಿಗೆ ಹೋಗಿ ಬಂದರೆ ಸಮಾಧಾನವಿತ್ತು, ಅಕ್ಕನಿಗೆ ಬಸ್ಸಿನ ಕಿಟಕಿ, ಕಾಡು, ಮಂಗಗಳು ಸಿಗುತ್ತಿದ್ದವು. ನನ್ನ ದೂರು ಮನುಷ್ಯರ ಮೇಲೆ. ಎಲ್ಲರೂ ಅಕ್ಕನ ಬಾಯಿಯನ್ನೇ ನೋಡುತ್ತಿದ್ದರು. ಅದರಿಂದ ನಾಲ್ಕು ಬೆರಳು ಮೇಲಕ್ಕೆ, ಕಣ್ಣಿನ ಕಡೆ ನೋಡುವುದು ಯಾರಿಗೂ ತೋಚಲಿಲ್ಲ.

ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವ ದಿನ ಅಮ್ಮ ಅಕ್ಕನನ್ನೂ ಎತ್ತಿಕೊಂಡು ಬಂದಳು. ಅಕ್ಕನಿಗೆ ತಲೆ ಬಾಚಿ, ಎರಡು ಜಡೆ ಹಾಕಿ, ನನ್ನ ಹಾಗೆಯೇ ನೀಲಿ ಲಂಗ ಹೊಲಿಸಿದ್ದಳು. ಅಕ್ಕ ದಾರಿಯುದ್ದಕ್ಕೂ ನಗುತ್ತಿದ್ದಳು. ಹೆಡ್ಮಾಸ್ತರು ಮೇಜಿನ ಆಚೆಯಿಂದ ನೋಡಿ ಕನ್ನಡಕ ತೆಗೆದರು.

"ಇವಳನ್ನು ಎಂತ ಮಾಡುವುದಮ್ಮ ಇಲ್ಲಿ?"

"ಸಾರ್, ಅವ್ಳಿಗೆ ಎಲ್ಲ ಗೊತ್ತಾತ್ತ್. ಒಂದ್ ಮೂಲೆಗೆ ಕೂಕಣ್ಲಿ. ನಾನೇ ಹೊತ್ಕಂಬತ್ತೆ, ನಾನೇ ಹೊತ್ಕಂಡ್ ಹೋತೆ."

"ಮಾತು ಬರಲಿ, ಆಮೇಲೆ ನೋಡುವ. ಇದು ಶಾಲೆ, ಆಸ್ಪತ್ರೆ ಅಲ್ಲ."

ಅವರು ಕೆಟ್ಟವರಾಗಿರಲಿಲ್ಲ. ನನಗೆ ಚೆನ್ನಾಗಿಯೇ ಪಾಠ ಮಾಡಿದರು. ಅದೇ ನನಗೆ ಹೆಚ್ಚು ಉರಿಯುವುದು. ಕೆಟ್ಟವನೊಬ್ಬ ಬಾಗಿಲು ಹಾಕಿದರೆ ಅವನಿಗೆ ಬೈದು ಮುಂದೆ ಹೋಗಬಹುದು. ಒಳ್ಳೆಯವರು, ಮಕ್ಕಳಿಗೆ ಬೆಲ್ಲ ಹಂಚುವವರು, ನಗುನಗುತ್ತ ಬಾಗಿಲು ಹಾಕಿದರೆ ಎಲ್ಲಿ ಹೋಗಿ ಬೈಯುವುದು? ನನ್ನನ್ನು ಬೆಂಚಿನಲ್ಲಿ ಬಿಟ್ಟು ಅಮ್ಮ ಅಕ್ಕನನ್ನು ಎತ್ತಿಕೊಂಡು ಅಂಗಳ ದಾಟಿದಳು. ಅಮ್ಮನ ಹೆಗಲ ಮೇಲಿನಿಂದ ಅಕ್ಕ ಹಿಂದೆ ನೋಡುತ್ತಲೇ ಹೋದಳು. ನನ್ನನ್ನಲ್ಲ, ಕರಿಹಲಗೆಯನ್ನು. ಮನೆಗೆ ಹೋದ ಮೇಲೂ ಆ ಲಂಗವನ್ನು ಬಿಚ್ಚಲು ಬಿಡಲಿಲ್ಲವಂತೆ.

ಮಾತು ಬರಲಿ ಅಂದರಲ್ಲ, ಅಮ್ಮ ಅದನ್ನೇ ಹಿಡಿದಳು. ಬ್ರಹ್ಮಾವರದಲ್ಲಿ ಔಷಧದ ಅಂಗಡಿಯ ಮಾಳಿಗೆಯ ಮೇಲೆ ಮಾತು ಕಲಿಸುವವರು ಬರುತ್ತಾರೆ ಎಂದು ಯಾರೋ ಹೇಳಿದರು. ಅಮ್ಮ ಮೀನು ಮಾರುವವಳು. ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದಳು. ಆ ದಿನಗಳಲ್ಲಿ ಬುಟ್ಟಿಯನ್ನು ಅಂಗಳದಲ್ಲಿ ಕವುಚಿ ಹಾಕಿ, ಅಕ್ಕನನ್ನು ಎತ್ತಿಕೊಂಡು, ನನ್ನ ಕೈ ಹಿಡಿದು, ಕುಂದಾಪುರದಲ್ಲಿ ಬಸ್ಸು ಬದಲಿಸಿ ಬ್ರಹ್ಮಾವರಕ್ಕೆ ಹೋಗುತ್ತಿದ್ದಳು. ನಾನು ಬೇಕಿತ್ತು, ಅಕ್ಕ ಏನು ಹೇಳುತ್ತಾಳೆಂದು ಹೇಳಲು. ಅಲ್ಲಿದ್ದವರು ಸಣ್ಣ ವಯಸ್ಸಿನ ಸ್ಪೀಚ್ ಥೆರಪಿಸ್ಟು. ಬೆಳ್ಳಗಿನ ಕೋಟು. ಅಕ್ಕನ ಎದುರು ಮೇಣದ ಬತ್ತಿ ಹಚ್ಚಿ ಊದಿಸುತ್ತಿದ್ದರು. ಪೀಪಿ ಕೊಡುತ್ತಿದ್ದರು. ತುಟಿ ಹಿಡಿದು "ಪ, ಬ, ಮ" ಹೇಳಿಸುತ್ತಿದ್ದರು. ಅಕ್ಕ ಮೈಯೆಲ್ಲ ಬಿಗಿ ಹಿಡಿದು, ಬೆವತು, ಊದಲು ನೋಡುತ್ತಿದ್ದಳು. ಬತ್ತಿ ಅಲುಗುತ್ತಿರಲಿಲ್ಲ. ಅವಳ ಜೊಲ್ಲು ಮೇಜಿನ ಮೇಲೆ ಬಿದ್ದರೆ ಅಮ್ಮ ಸೆರಗಿನಲ್ಲಿ ಒರೆಸಿ, ತಾನೇ ತಪ್ಪು ಮಾಡಿದ ಹಾಗೆ ನಗುತ್ತಿದ್ದಳು. ನಾನು ಒಂದು ಸಲ ತಡೆಯಲಾರದೆ ಹೇಳಿದೆ, ಅಕ್ಕನಿಗೆ ಆಗುವುದಿಲ್ಲ, ಅವಳು ಬೇಡ ಅನ್ನುತ್ತಿದ್ದಾಳೆ.

"ಅವಳು ಎಲ್ಲಿ ಹೇಳಿದಳು?" ಅಂದರು.

"ಗ್ವಾಡಿ ಕಂಡ್ಳಲ್ಲ."

ಗೋಡೆ ನೋಡಿದರೆ ಬೇಡ ಎಂದು ಅವರಿಗೆ ಅರ್ಥವಾಗಲಿಲ್ಲ. ವರ್ಷ ಕಳೆಯುವಷ್ಟು ಹೋಗಿಬಂದ ಮೇಲೆ ಒಂದು ದಿನ ಅಮ್ಮನನ್ನು ಕೂರಿಸಿ ಮೆಲ್ಲಗೆ ಹೇಳಿದರು, ಮಾತು ಬರಬೇಕಾದರೆ ಮೊದಲು ಬುದ್ಧಿ ಬೆಳೆಯಬೇಕು, ಯಾವುದಾದರೂ ವಿಶೇಷ ಶಾಲೆಗೆ ಸೇರಿಸಿ, ಆಮೇಲೆ ಬನ್ನಿ. ಅಮ್ಮ ಅದಕ್ಕೂ ಆಗಲಿ ಅಂದಳು. ಕುಂದಾಪುರದ ಹತ್ತಿರ ಅಂಥದ್ದೊಂದು ಶಾಲೆ ಇತ್ತು. ಅಲ್ಲಿಯ ಮೇಡಂ ಅಕ್ಕನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ಅಕ್ಕ ಬೆಚ್ಚಿದಳು.

"ಇವಳಿಗೆ ಕಿವಿ ಕೇಳ್ತದಲ್ಲ! ನಮ್ಮದು ಕಿವಿ ಕೇಳದ ಮಕ್ಕಳ ಶಾಲೆ. ಥೆರಪಿ ಮಾಡಿಸಿ ಅಮ್ಮ. ಸ್ವಲ್ಪ ಮಾತು ಬಂದ್ರೆ ನಿಮ್ಮೂರ ಶಾಲೆಗೇ ಹೋಗಬಹುದು."

ಬಸ್ಸಿನಲ್ಲಿ ಅಮ್ಮ ಅಳಲಿಲ್ಲ. ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದಳು. ಹಾಗೆಯೇ ಅಂದಳು.

"ಅವ್ರ್ ಇವ್ರ ಬಾಗ್ಲ್ ತೋರ್ಸ್ತ್ರ್, ಇವ್ರ್ ಅವ್ರ ಬಾಗ್ಲ್ ತೋರ್ಸ್ತ್ರ್. ಒಳ್ಗೆ ಬಾ ಅಂಬವ್ರ್ ಯಾರೂ ಇಲ್ಲೆ."

ಶಾಲೆಗೆ ಬಾಯಿ ಬೇಕು, ಬಾಯಿಯವರಿಗೆ ಶಾಲೆ ಬೇಕು. ನಡುವೆ ನಮ್ಮಕ್ಕ, ಅಮ್ಮನ ಸೊಂಟದ ಮೇಲೆ. ನಾನು ಮುಂದೆ ಆರಿಸಿಕೊಳ್ಳಬೇಕಾಗಿ ಬಂದ ಎರಡು ದಾರಿಗಳನ್ನು ಮೊದಲು ಕಂಡದ್ದು ಹೀಗೆ, ಎರಡು ಮುಚ್ಚಿದ ಬಾಗಿಲುಗಳಾಗಿ.

ಆಮೇಲಿನ ಕೆಲವು ವರ್ಷ ಅಕ್ಕ ಕಿಟಕಿಯ ಬುಡದಲ್ಲೇ ಇದ್ದಳು. ಅಜ್ಜಿ ತೀರಿಕೊಂಡರು, ಬಜೆ ನಿಂತಿತು. ನಾನು ಸಂಜೆ ಶಾಲೆಯಿಂದ ಬಂದು ಅಕ್ಕನ ಕುರ್ಚಿಗೆ ಒರಗಿ, ಪುಸ್ತಕವನ್ನು ಅವಳ ಮೊಣಕಾಲಿನ ಮೇಲೆ ಬಿಡಿಸಿಟ್ಟು, ಬೆರಳು ಹಿಡಿದು ಜೋರಾಗಿ ಓದುತ್ತಿದ್ದೆ. ಕಲಿಸುವ ಉದ್ದೇಶ ಇರಲಿಲ್ಲ. ಜೋರಾಗಿ ಓದದಿದ್ದರೆ ಅಡುಗೆಮನೆಯಿಂದ ಅಮ್ಮ "ಹ್ವಾಯ್, ಓದುದ್ ಕೇಂತಿಲ್ಲೆ" ಎಂದು ಕೂಗುತ್ತಿದ್ದಳು, ಅಷ್ಟೆ. ಪುಟ ಮುಗಿಯುವ ಮೊದಲು ನಾನು ಮಗುಚಿದರೆ ಅಕ್ಕ ಗುರ್ ಎನ್ನುತ್ತಿದ್ದಳು. ಚಿತ್ರ ನೋಡಲು ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ನಾನು ಏಳನೆಯಲ್ಲಿದ್ದಾಗ ಲಲಿತಾ ಟೀಚರ್ ಬಂದರು. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವ ಕೆಲಸ ಅವರದ್ದು. ವಿಶೇಷ ಶಿಕ್ಷಣ ಕಲಿತವರು. ಶಿರೂರಿನಿಂದ ನಮ್ಮ ಊರಿನವರೆಗೆ ಅವರೊಬ್ಬರೇ. ಸೆಕೆಯಲ್ಲಿ ಹೊಯಿಗೆಯ ಮೇಲೆ ನಡೆದು ಬಂದು, ಜಗಲಿಯಲ್ಲಿ ಚಪ್ಪಲಿ ಬಿಟ್ಟು, ನೀರು ಕುಡಿದು, ಅಕ್ಕನ ಎದುರು ನೆಲದ ಮೇಲೆ ಕೂತರು.

"ನಿನ್ನ ಹೆಸರೆಂತ?"

"ಜಲಜ," ಎಂದೆ ನಾನು.

"ನಾನು ನಿನ್ನ ಹತ್ರ ಕೇಳಿದ್ದಲ್ಲ ಮಗ, ನಿನ್ನಕ್ಕನ ಹತ್ರ ಕೇಳಿದ್ದು. ಅವಳಿಗೆ ಹೊತ್ತು ಬೇಕಲ್ಲ, ಕೊಡು."

ಅಕ್ಕ ಬಾಯಿ ತೆರೆದು, ಕುತ್ತಿಗೆ ತಿರುಚಿ, ಬಹಳ ಹೊತ್ತಿನ ಮೇಲೆ "ಜ... ಆ" ಅಂದಳು. ಟೀಚರ್ ತಲೆ ಅಲುಗಿಸಿ, ಸರಿ ಎಂದು ಮುಂದಿನ ಪ್ರಶ್ನೆಗೆ ಹೋದರು. ಸ್ಲೇಟಿನಲ್ಲಿ ದೋಣಿ, ಬಂಗಡೆ, ಕಿಟಕಿ ಎಂದು ದೂರ ದೂರ ಬರೆದು, ಬಂಗಡೆ ಯಾವುದು ನೋಡು ಅಂದರು. ಅಕ್ಕನ ಕಣ್ಣು ಬಂಗಡೆಯ ಮೇಲೆ ನಿಂತಿತು. ಟೀಚರ್ ಪದಗಳ ಜಾಗ ಬದಲಿಸಿದರು. ಕಣ್ಣು ಹಿಂಬಾಲಿಸಿತು. ನನ್ನ ಪಾಠಪುಸ್ತಕ ತೆಗೆದು ಅದರೊಳಗಿನ ಮಾತುಗಳನ್ನೇ ಬರೆದರು. ಅಕ್ಕ ಒಂದನ್ನೂ ತಪ್ಪಲಿಲ್ಲ. ನಾನು ಓದಿದ್ದನ್ನೆಲ್ಲ ಅವಳು ಓದಿದ್ದಳು, ಮೊಣಕಾಲಿನ ಮೇಲೆಯೇ.

ಅಮ್ಮನಿಗೆ ಸಂತೋಷವಾಗಬಹುದೆಂದು ಟೀಚರ್ ಎಣಿಸಿದ್ದರು. ಅಮ್ಮ ಕೆಂಡವಾದಳು. ಎದ್ದವಳೇ ಹಾಗೆಯೇ, ಮೀನು ಕೊಯ್ಯುತ್ತಿದ್ದ ಕೈಯಲ್ಲೇ ಶಾಲೆಗೆ ಹೋದಳು. ನಾನು ಹಿಂದೆ ಓಡಿದೆ. ಹಳೆಯ ಹೆಡ್ಮಾಸ್ತರು ನಿವೃತ್ತರಾಗಿ ಬೇರೆಯವರು ಬಂದಿದ್ದರು. ಅಂಗಳದ ನಡುವೆ ನಿಂತು ಅಮ್ಮ ಕೂಗಿದಳು.

"ನನ್ ಮಗ್ಳಿಗೆ ಓದುಕೆ ಬತ್ತ್! ಮಾತ್ ಬರ್ಲಿ ಅಂದ್ರಲ್ಲ, ಬನಿ, ಬಂದ್ ಕಾಣಿ!"

ಹೊಸಬರು ಕುರ್ಚಿ ತರಿಸಿ, ಅಮ್ಮನನ್ನು ಕೂರಿಸಿ, ಎಲ್ಲ ಕೇಳಿ, ಪಾಪ ಎಂದು ಮರುಗಿ, ಹೇಳಿದ್ದು ಇಷ್ಟು: ಈಗ ವಯಸ್ಸು ಮೀರಿತಲ್ಲಮ್ಮ. ಇಷ್ಟು ದೊಡ್ಡ ಹುಡುಗಿಯನ್ನು ಒಂದನೇ ಕ್ಲಾಸಿನಲ್ಲಿ ಹೇಗೆ ಕೂರಿಸುವುದು? ಮೊದಲು ಮಾತು ಇಲ್ಲವೆಂದು ಕಾಯಿಸಿದರು. ಕಾದದ್ದಕ್ಕೆ ಈಗ ವಯಸ್ಸಾಯಿತು ಅಂದರು. ನಾನೀಗ ಬೈಂದೂರಿನ ಕಡೆಯ ಶಾಲೆಯೊಂದರಲ್ಲಿ ಲಲಿತಾ ಟೀಚರ್ ಮಾಡುತ್ತಿದ್ದಂಥ ಕೆಲಸದಲ್ಲೇ ಇದ್ದೇನೆ. ಇಂಥ ಮಾತನ್ನು ಬೇರೆ ಬೇರೆ ಬಾಯಿಗಳಿಂದ ಕೇಳುತ್ತಲೇ ಇದ್ದೇನೆ. ಒಂದು ಸಲವೂ ತಣ್ಣಗೆ ಕೇಳಲು ನನ್ನಿಂದಾಗಿಲ್ಲ. ಆಗಬಾರದು ಕೂಡ.

ಲಲಿತಾ ಟೀಚರ್ ಕುರ್ಚಿಯ ಎದುರಿನ ಗೋಡೆಗೆ ಒಂದು ಅಕ್ಷರದ ಹಾಳೆ ಅಂಟಿಸಿದರು. ಕಾಗುಣಿತದ ಚಿಹ್ನೆಗಳು ಕೆಳಗೆ. ನಾವು ಒಂದೊಂದು ಸಾಲಿನ ಮೇಲೆ ಬೆರಳಿಡಬೇಕು. ಅಕ್ಕ ಕಣ್ಣೆತ್ತಿದರೆ ಅದೇ ಸಾಲು. ಆಮೇಲೆ ಸಾಲಿನ ಒಳಗೆ ಒಂದೊಂದೇ ಅಕ್ಷರ. ನಿಧಾನದ ಕೆಲಸ. ಒಂದು ಮಾತು ಮುಗಿಯುವಷ್ಟರಲ್ಲಿ ಅನ್ನ ಬೇಯುತ್ತಿತ್ತು. ಮೊದಮೊದಲು ಅಕ್ಕ ಹೆಸರುಗಳನ್ನೇ ಹೇಳುತ್ತಿದ್ದಳು. ಅವಳು ಇಡೀ ವಾಕ್ಯ ಹೇಳಿದ್ದು ದೊಡ್ಡಪ್ಪ ಬಂದಾಗ.

ದೊಡ್ಡಪ್ಪ, ಅಪ್ಪಯ್ಯನ ಅಣ್ಣ, ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಮನೆಯ ಮಾಡು ರಿಪೇರಿಗೆ, ಅಜ್ಜಿಯ ಆಸ್ಪತ್ರೆಗೆ, ನನ್ನ ಪುಸ್ತಕಕ್ಕೆ ಅವರೇ ಕಳಿಸುತ್ತಿದ್ದದ್ದರಿಂದ ಅವರ ಎದುರು ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಮಧ್ಯಾಹ್ನ ಊಟ ಮುಗಿಸಿ, ಚಾವಡಿಯಲ್ಲಿ ಕಾಲು ಚಾಚಿ, ಅಕ್ಕನಿಂದ ಎರಡು ಮಾರು ದೂರದಲ್ಲಿ ಕೂತು ಮಾತು ತೆಗೆದರು.

"ಅರೇ, ನೀವ್ ಟೆನ್ಶನ್ ತಕಣ್ಬ್ಯಾಡಿ. ಪುಣೆ ಹತ್ರ ಒಂದ್ ಆಶ್ರಮ ಇತ್ತ್. ಇಂತಾ ಮಕ್ಳನ್ನ ಅಲ್ಲೇ ಕಾಣ್ಕಂತ್ರ್. ನಾ ಮಾತಾಡಿದ್ದೆ. ನಾಳೆ ಸಣ್ಣದ್ಕೆ ಗಂಡ್ ಹುಡ್ಕುಕಿಲ್ಯಾ? ಮನೀಲ್ ಹೀಂಗೊಂದ್ ಇದ್ರೆ ಯಾರ್ ಬತ್ರ್?"

ಹೀಂಗೊಂದ್! ಅಪ್ಪಯ್ಯ ನೆಲ ನೋಡುತ್ತಿದ್ದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಕ್ಕ ಕಾಲಿನಿಂದ ಕುರ್ಚಿಯ ಹಲಗೆಗೆ ಒದೆಯತೊಡಗಿದಳು. ನೋಡುತ್ತಿದ್ದದ್ದು ಗೋಡೆಯ ಹಾಳೆಯನ್ನು. ನಾನು ಎದ್ದು ಹೋಗಿ ಸಾಲುಗಳ ಮೇಲೆ ಬೆರಳು ಇಡುತ್ತ ಬಂದೆ. ದೊಡ್ಡಪ್ಪ "ಎಂತ ಆಟ ಇದ್?" ಅಂದರು. ಅಕ್ಕ ಒಂದೊಂದೇ ಹಿಡಿದಳು. ಹೋ. ತಿ. ಲೆ.

ಹೋತಿಲ್ಲೆ.

ಹಾಳೆಯಲ್ಲಿ ಒತ್ತಕ್ಷರ ಇರಲಿಲ್ಲ. ನನ್ನ ಪುಸ್ತಕಗಳಲ್ಲಿ ಎಲ್ಲೂ ಆ ಮಾತು ಇರಲಿಲ್ಲ, ಅಲ್ಲಿದ್ದದ್ದು "ಹೋಗುವುದಿಲ್ಲ" ಎಂದು. ಅಕ್ಕ ಮನೆಯ ಮಾತನ್ನು ತಾನೇ ಅಕ್ಷರಕ್ಕೆ ಇಳಿಸಿದ್ದಳು. ನಾನು ಜೋರಾಗಿ ಓದಿದೆ. ಅಪ್ಪಯ್ಯ ತಲೆ ಎತ್ತಿದರು. ಅಣ್ಣನ ಎದುರು ಅವರು ಎದುರುತ್ತರ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕೇಂಡ್ಯಲ್ಲ ಅಣ್ಣ. ಅವ್ಳ್ ಹೋತಿಲ್ಲೆ ಅಂದ್ಳ್. ಮುಗೀತ್."

ಇಷ್ಟು ಮಾಡಿಕೊಟ್ಟ ಲಲಿತಾ ಟೀಚರ್ ನಾನು ಹತ್ತನೆಗೆ ಹೋಗುವಷ್ಟರಲ್ಲಿ ಬರುವುದು ನಿಂತಿತು. ಜಗಳವಾಗಲಿ ತಪ್ಪಾಗಲಿ ಏನೂ ಇಲ್ಲ. ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಬೇರೆಯವರು ಬರುತ್ತಾರೆ ಅಂದರು. ಯಾರೂ ಬರಲಿಲ್ಲ. ಅಕ್ಕ ಬಹಳ ದಿನ, ಟೀಚರ್ ಬರುವ ಹೊತ್ತಿಗೆ ಕಿಟಕಿಯಿಂದ ದಾರಿ ನೋಡುತ್ತಿದ್ದಳು. ಗೋಡೆಯ ಹಾಳೆಯ ಎದುರು ನಿಲ್ಲಲು ನಾನೊಬ್ಬಳು ಉಳಿದೆ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪಯ್ಯ ಕಲಿತಿದ್ದ ಸ್ವಲ್ಪವೂ ಮರೆತುಹೋಗಿತ್ತು.

ಪಿಯುಸಿ ಮುಗಿದಾಗ ಮನೆಯಲ್ಲಿ ಎಲ್ಲರಿಗೂ ನನ್ನ ಮುಂದಿನ ದಾರಿ ಗೊತ್ತಿತ್ತು. ನಾನು ವಿಜ್ಞಾನ ತೆಗೆದುಕೊಂಡಿದ್ದೆ, ಅಂಕ ಇತ್ತು. ಮಂಗಳೂರಿನಲ್ಲಿ ಸ್ಪೀಚ್ ಥೆರಪಿ ಕಲಿಸುತ್ತಾರೆ. ಆಶ್ರಮದ ಸಿಟ್ಟನ್ನು ಮರೆತು ದೊಡ್ಡಪ್ಪ ಫೋನಿನಲ್ಲಿ ಖುಷಿಯಾಗಿ ಹೇಳಿದರು, ಬಿಳಿ ಕೋಟು, ಕ್ಲಿನಿಕ್ಕು, ಬೇಕಾದರೆ ದುಬೈ, ಓದಿಸುವುದು ನನ್ನ ಜವಾಬ್ದಾರಿ. ಅಮ್ಮನ ಆಸೆಗೆ ಕಾರಣ ಬೇರೆ. "ನೀ ಬಾಯಿ ಡಾಕ್ಟರ್ ಆಯ್ಕ್," ಅಂದಳು. ಇಷ್ಟು ವರ್ಷವಾದರೂ ಅವಳ ಒಳಗೆ ಎಲ್ಲೋ ಅಕ್ಕ ಒಂದು ದಿನ ಬಾಯಿ ಬಿಟ್ಟು ಮಾತಾಡುತ್ತಾಳೆ ಎಂಬುದು ಉಳಿದಿತ್ತು. ನನಗೂ ಥೆರಪಿಯೇ ಬೇಕಿತ್ತು, ಸಿಟ್ಟಿಗೆ. ಬ್ರಹ್ಮಾವರದ ಆ ಮಾಳಿಗೆಯಲ್ಲಿ ನಾನು ಕೂತು, ಬರುವ ಮಕ್ಕಳ ಎದುರು ಮೇಣದ ಬತ್ತಿ ಹಚ್ಚದೆ ಇರಬೇಕಿತ್ತು. ಆದರೆ ಲಲಿತಾ ಟೀಚರ್ ಕಲಿತದ್ದನ್ನೇ ನಾನೂ ಕಲಿಯಬೇಕೆಂಬುದೂ ಒಳಗೊಳಗೆ ಕೊರೆಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ತೀರ್ಮಾನಕ್ಕೆ ಮೊದಲು ಒಮ್ಮೆ ಬ್ರಹ್ಮಾವರಕ್ಕೆ ಹೋದೆ. ಜಗಳಕ್ಕೇ ಹೋದೆ ಅನ್ನಬೇಕು. ಅಲ್ಲಿ ಈಗ ಬೇರೆಯವರಿದ್ದರು, ಒಬ್ಬ ಹೆಂಗಸು. ಮಗುವಿನ ಜೊತೆ ಚಾಪೆಯ ಮೇಲೆ ಕೂತಿದ್ದರು. ಕೈಯಲ್ಲಿ ಚಿತ್ರಗಳ ಹಲಗೆ. ಮಗು ನೀರಿನ ಚಿತ್ರ ಮುಟ್ಟಿತು, ಅವರು ನೀರು ಕೊಟ್ಟರು. ನಾನು ಅಕ್ಕನ ಕಥೆ ಹೇಳಿದೆ. ಅವರು ತಡೆಯದೆ ಕೇಳಿದರು.

"ನಿಮ್ಮ ಸಿಟ್ಟು ಸರಿ. ಮಾತು ಅಂದ್ರೆ ಬಾಯಿ ಮಾತ್ರ ಅಲ್ಲ. ಈಗ ನಾವು ಹಾಗೆ ಕಲಿಸುವುದಿಲ್ಲ. ನೀವು ಬಂದ್ರೆ ಒಳ್ಳೇದೇ. ಆದ್ರೆ ಒಂದು ಹೇಳ್ತೇನೆ, ಮಗು ನಮ್ಮ ಹತ್ರ ಇರುವುದು ಮುಕ್ಕಾಲು ಗಂಟೆ. ಉಳಿದ ಹೊತ್ತು ಅದು ಎಲ್ಲಿರ್ತದೆ ಅಂತ ನಾವು ಕೇಳುವುದು ಕಡಿಮೆ."

ಬೈಯಲು ಹೋದವಳಿಗೆ ಬೈಯಲು ಯಾರೂ ಸಿಗಲಿಲ್ಲ. ತೀರ್ಮಾನ ಸುಲಭವಾಗುವ ಬದಲು ಕಷ್ಟವಾಯಿತು. ಲಲಿತಾ ಟೀಚರ್ ಅವರನ್ನು ಬೈಂದೂರು ಬಸ್ ಸ್ಟ್ಯಾಂಡಿನಲ್ಲಿ ಹುಡುಕಿ ಹಿಡಿದೆ. ಆಗ ಅವರು ಒಂದು ನರ್ಸರಿಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದರು. ನನ್ನ ಮಾತು ಕೇಳಿ ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದರು.

"ಬೇಡ ಮಗ. ನನ್ನನ್ನು ನೋಡು. ಕೆಲಸ ಚೆನ್ನಾಗಿ ಮಾಡಿದೆ ಅಂತ ಎಲ್ಲರೂ ಹೇಳಿದ್ರು, ಇರು ಅಂತ ಯಾರೂ ಹೇಳಲಿಲ್ಲ. ನೀನು ಥೆರಪಿ ಮಾಡು. ಅವರಿಗಾದ್ರೆ ಮರ್ಯಾದೆ ಉಂಟು."

ಮನೆಗೆ ಬಂದು ನಾನು ಅತ್ತೆ. ಬೇಸರಕ್ಕಲ್ಲ. ಅಂಥವರನ್ನು ಅಂಥ ಕೆಲಸದಿಂದ ಬಿಡಿಸಿ ಪದ್ಯ ಹೇಳಿಸಲು ಕೂರಿಸಿದವರ ಮೇಲಿನ ಸಿಟ್ಟಿಗೆ. ಅಪ್ಪಯ್ಯ ಜಗಲಿಯಲ್ಲಿ ಬಲೆ ಕಟ್ಟುತ್ತಿದ್ದರು. ಎಲ್ಲ ಕೇಳಿದ ಮೇಲೆ ಸೂಜಿ ಕೆಳಗಿಟ್ಟು ಒಳಗೆ ಕೈ ತೋರಿಸಿದರು.

"ಊರವ್ರನ್ನೆಲ್ಲ ಕೇಂಡೆ. ಅವ್ಳನ್ ಕೇಂಡ್ಯಾ?"

ಕೇಳಿರಲಿಲ್ಲ. ಒಳಗೆ ಹೋಗಿ ಅಕ್ಕನ ಎದುರು ಕೂತು ಎರಡನ್ನೂ ಹೇಳಿದೆ. ಥೆರಪಿ ಕಲಿತರೆ ನಿನ್ನ ಹಾಗಿನವರಿಗೆ ಮಾತಿನ ದಾರಿ ಮಾಡಿಕೊಡಬಹುದು. ಟೀಚರ್ ಆದರೆ ಲಲಿತಾ ಟೀಚರ್ ಹಾಗೆ. ಎಂತ ಮಾಡಲಿ? ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹಾಳೆಯನ್ನು. ಆ ದಿನ ಅವಳು ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಬುಟ್ಟಿ ತೊಳೆದು ಮೀನು ಕೊಯ್ದು ಒಲೆ ಹಚ್ಚಿ ಒಳಗೆ ಬಂದಿದ್ದಳು. ಒತ್ತಕ್ಷರಕ್ಕೂ ನಾವು ಗುರುತು ಮಾಡಿಕೊಂಡಿದ್ದೆವು. ಅಕ್ಕ ಒಂದನ್ನೂ ಬಿಡದೆ ಹೇಳಿದಳು.

ಮಾತ್ ನಂಗಿತ್ತ್. ಶಾಲಿ ಇಲ್ಲೆ.

ನಾನು ಓದಿದೆ. ಇನ್ನೊಮ್ಮೆ ಓದಿದೆ. ಮಾತು ನನ್ನ ಹತ್ತಿರ ಇದೆ, ಇಲ್ಲದ್ದು ಶಾಲೆ. ಇಪ್ಪತ್ತು ದಾಟಿದ ಹೆಣ್ಣು. ನೀಲಿ ಲಂಗ ಹಾಕಿಕೊಂಡು ಹೋಗಿ ಹಿಂದೆ ಬಂದ ಸಂಕಟವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೇಳಿದವರಿದ್ದರಲ್ಲವೇ ಹೇಳುವುದು! ಅವಳಿಗೆ ಕೊಡಬೇಕೆಂದು ನಾವೆಲ್ಲ ಹೆಣಗಾಡಿದ್ದು ಅವಳಲ್ಲಿ ಆಗಲೇ ಇದ್ದ ವಸ್ತುವನ್ನು. ಕಸಿದುಕೊಂಡದ್ದು ಬೇರೆಯದನ್ನು, ಅದನ್ನು ಹಿಂದೆ ಕೊಡುವ ಮಾತನ್ನು ಯಾರೂ ಆಡಲಿಲ್ಲ. ನಾನು ವಿಶೇಷ ಶಿಕ್ಷಣದ ಡಿಪ್ಲೊಮಾಕ್ಕೆ ಸೇರುತ್ತೇನೆಂದು ಅಲ್ಲೇ ನಿಶ್ಚಯವಾಯಿತು. ಥೆರಪಿ ಕೆಳಗಿನದು ಎಂದಲ್ಲ. ಬ್ರಹ್ಮಾವರದ ಆ ಮೇಡಂ ಜೊತೆ ನನಗೆ ಇಂದಿಗೂ ಸ್ನೇಹವಿದೆ, ನನ್ನ ಶಾಲೆಯ ಮಕ್ಕಳನ್ನು ಅವರಲ್ಲಿಗೆ ಕಳಿಸುತ್ತೇನೆ. ಆದರೆ ನನ್ನ ಸಿಟ್ಟಿನ ವಿಳಾಸ ಶಾಲೆಯ ಬಾಗಿಲು. ಅಲ್ಲಿಯೇ ಹೋಗಿ ನಿಲ್ಲಬೇಕಿತ್ತು, ಒಳಗಿನಿಂದ.

ಮನೆಯಲ್ಲಿ ರಂಪವಾಯಿತು. ದೊಡ್ಡಪ್ಪ ಫೋನಿನಲ್ಲಿ "ಹುಚ್ಚ್ ಮಕ್ಳ ಟೀಚರ್ ಆಪುಕೆ ಸಾಯನ್ಸ್ ಎಂತಕೆ ಓದ್ದೆ?" ಎಂದು ಕೂಗಿದರು. ನಾನೂ ಕೂಗಿದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಬಟ್ಟಲನ್ನು ಎದುರಿಗೆ ಕುಕ್ಕಿ ಹೋಗುತ್ತಿದ್ದಳು. ಹೊರಡುವ ವಾರ ಬಂದಾಗ, ನಾನು ಬಟ್ಟೆ ಮಡಚುತ್ತಿದ್ದಲ್ಲಿಗೆ ಬಂದು ನಿಂತಳು.

"ಅವ್ಳಿಗೆ ಮಾತಿತ್ತ್ ಅಂಬೆ. ಯಾರಿಗ್ ಕೇಂತ್ ಅದ್? ನಿಂಗೊಬ್ಳಿಗೆ. ನೀ ಹಾಸ್ಟೆಲಿಗೆ ಹೋರೆ ಅವ್ಳ್ ಯಾರತ್ರ ಮಾತಾಡುದ್? ನಂಗೆ ಅಕ್ಷರ ಇಲ್ಲೆ."

ಆ ಸಿಟ್ಟು ನನ್ನ ಆಯ್ಕೆಯ ಮೇಲೆ ಅಲ್ಲವೇ ಅಲ್ಲ ಎಂದು ನನಗೆ ಆಗ ತಿಳಿಯಿತು. ಅಮ್ಮನ ಕೈ ಹಿಡಿದು ಹಾಳೆಯ ಎದುರು ಕೂರಿಸಿದೆ. ಮೊದಲ ಎರಡು ಸಾಲು ನಾನು ಹೇಳಿಕೊಟ್ಟೆ. ಉಳಿದದ್ದಕ್ಕೆ ಹೊತ್ತಿರಲಿಲ್ಲ. ಅಪ್ಪಯ್ಯ ನೆನಪಿದ್ದಷ್ಟನ್ನು ಹೇಳಿಕೊಡುವುದು, ಸರಿಯೋ ತಪ್ಪೋ ಎಂದು ಅಕ್ಕ ಕಣ್ಣಿನಿಂದ ತೀರ್ಪು ಕೊಡುವುದು ಎಂದು ಮಾಡಿ ಹೊರಟೆ. ಬಸ್ಸಿನಲ್ಲಿ 'ಆಗುತ್ತದೆಯೇ' ಎಂದೇ ಯೋಚಿಸುತ್ತಿದ್ದೆ. ಹಾಸ್ಟೆಲಿನಿಂದ ಫೋನು ಮಾಡಿದರೆ ಅಮ್ಮ ಚುಟುಕಾಗಿ "ಹ್ಞೂ, ಕಲೀತಿದ್ದೆ" ಎಂದು ಇಟ್ಟುಬಿಡುತ್ತಿದ್ದಳು. ಅಕ್ಕನ ಸುದ್ದಿ ಕೇಳಿದರೆ "ನಿನ್ನಕ್ಕ ಮಾಷ್ಟ್ರಿಗಿಂತ ಜೋರ್" ಅನ್ನುತ್ತಿದ್ದಳು. ಹೆಚ್ಚೇನೂ ಹೊರಗೆ ಬರುತ್ತಿರಲಿಲ್ಲ.

ದೀಪಾವಳಿಗೆ ಮನೆಗೆ ಬಂದೆ. ಬೆಳಗ್ಗಿನ ಹೊತ್ತು. ಜಗಲಿ ಹತ್ತುವಾಗಲೇ ಒಳಗಿನಿಂದ ಅಮ್ಮನ ಧ್ವನಿ, ಒಂದೊಂದೇ ಅಕ್ಷರ ಎಳೆದು ಎಳೆದು. ಇಣುಕಿದೆ. ಅಮ್ಮ ಹಾಳೆಯ ಎದುರು ನಿಂತಿದ್ದಳು, ಹಬ್ಬಕ್ಕೆಂದು ತಂದ ಹೊಸ ಹಳದಿ ನೈಟಿ ಹೆಗಲ ಮೇಲೆ. ಅಕ್ಕ ಕುರ್ಚಿಯಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದಳು, ಕಣ್ಣು ಹಾಳೆಗೂ ಮಾಡಿಗೂ ಓಡಾಡುತ್ತಿತ್ತು.

"ಹ... ಳ್... ದಿ... ಹಳ್ದಿ. ನಂ... ಗೆ... ನಂಗೆ. ಹಳ್ದಿ ನಂಗೆ... ಬ್ಯಾ... ಡ. ಬ್ಯಾಡ? ಹಳ್ದಿ ಬ್ಯಾಡ್ದಾ? ಹುಟ್ದಾರಭ್ಯ ನಿಂಗೆ ಹಳ್ದಿಯೇ ಅಲ್ದಾ ತಂದ್ ಕೊಡುದ್ ನಾನ್?"

ಅಕ್ಕ ಬದಿಯ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಪೇಟೆಗೆ ಹೋಗಿ, ಹತ್ತು ಅಂಗಡಿ ಹತ್ತಿ ಇಳಿದು ತಂದ ನೈಟಿಯನ್ನು ಅಕ್ಕನ ಮೊಣಕಾಲಿನ ಮೇಲೆ ಎಸೆದಳು.

"ಹಂಗಾರೆ ಇಷ್ಟ್ ವರ್ಷ ಹೇಳುಕೆ ಎಂತ ಆಯ್ದಿತ್ ನಿಂಗೆ?"

ಹೇಳಿದ ಮೇಲೆ ಅಮ್ಮ ಬಾಯಿ ಮುಚ್ಚಿಕೊಂಡಳು. ತಾನು ಕೇಳಿದ್ದು ಏನೆಂದು ಅವಳಿಗೇ ಕೇಳಿಸಿತು. ಹಾಳೆಗೆ ಒರಗಿ ನಿಂತಳು, ಸೆರಗು ಕಣ್ಣಿಗೆ ಹೋಯಿತು. ಅಕ್ಕ ಅವಳನ್ನು ಓರೆಯಾಗಿ ನೋಡಿದಳು. ಆಮೇಲೆ ಕುರ್ಚಿಯ ಹಲಗೆ ಅದುರುವ ಹಾಗೆ, ದಾರಿಯವರೆಗೆ ಕೇಳುವ ಹಾಗೆ ನಕ್ಕಳು.